ಬೋರಲು ಡಬ್ಬಗಳ ಭಾನುವಾರ

ಮೊನ್ನೆ ನಾದಿನಿಯ ಮಗಳು ಸುಮ ನಮ್ಮ ಮನೆಗೆ ಬಂದವಳು, ನಿಮಗೆ ಮಂಡಿನೋವು ಅತ್ತೆ, ಅಡಿಗೆಮನೆಯ ಮೇಲಿನ ಹಲಗೆ ನಾನೇ ಒರೆಸಿಕೊಡುತ್ತೇನೆ ಎಂದು ಸ್ಟೂಲು ಹತ್ತಿದಳು. ಹತ್ತಿದವಳು ಬೇಗ ಇಳಿಯಲಿಲ್ಲ. ಒಂದೊಂದೇ ಡಬ್ಬ ತೆಗೆದು ಅಲ್ಲಾಡಿಸಿ, ಮುಚ್ಚಳ ಬಿಚ್ಚಿ ಮೂಸಿ, ಇದರಲ್ಲಿ ಒಂಬತ್ತು ಕಡಲೆಕಾಳಿದೆ ಎಸೆಯಲೇ, ಇದರಲ್ಲಿ ಅರ್ಧ ಚಮಚ ಹೆಸರುಬೇಳೆ ಇದೆ ಎಸೆಯಲೇ, ಇದರಲ್ಲಿರುವುದು ಏನೆಂದೇ ತಿಳಿಯುತ್ತಿಲ್ಲ ಎಸೆಯಲೇ ಎಂದು ಮೇಲಿನಿಂದ ಕೇಳುತ್ತಾ ಹೋದಳು. ನಾನು ಕೆಳಗಿನಿಂದ ಬೇಡ, ಬೇಡ, ಬೇಡ ಎನ್ನುತ್ತಾ ಹೋದೆ. ಕೊನೆಗೆ ಅವಳು ಸೊಂಟದ ಮೇಲೆ ಕೈಯಿಟ್ಟು, ಒಂಬತ್ತು ಕಡಲೆಕಾಳಿನಲ್ಲಿ ಏನು ಅಡಿಗೆ ಮಾಡುತ್ತೀರಿ ಅತ್ತೆ ಎಂದು ಕೇಳಿಯೇಬಿಟ್ಟಳು.

ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ ನಕ್ಕರು. ನಮ್ಮ ಮನೆಯಲ್ಲಿ ಸಾಮಾನಿಗಿಂತ ಡಬ್ಬ ಹೆಚ್ಚು, ಡಬ್ಬಕ್ಕಿಂತ ಮುಚ್ಚಳ ಹೆಚ್ಚು ಎಂಬುದು ಅವರ ಹಳೆಯ ದೂರು. ಅದು ಸುಳ್ಳೇನಲ್ಲ. ನನಗೆ ಕಾಳು ಎಸೆಯುವ ಕೈಯೇ ಇಲ್ಲ. ಸುಮಳಿಗೆ ಉತ್ತರ ಹೇಳಬೇಕೆಂದರೆ ಅವಳನ್ನು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಉರಿಗಾಂನಲ್ಲಿ ಇಳಿಸಬೇಕಿತ್ತು. ಅವಳಿಗೆ ಬಸ್ಸಿನ ಹೊತ್ತಾಗಿತ್ತು, ಹೊರಟುಹೋದಳು. ನೀವು ಸಿಕ್ಕಿಕೊಂಡಿದ್ದೀರಿ.

ನಮ್ಮಪ್ಪ ಚಿನ್ನದ ಗಣಿಯಲ್ಲಿ ನೆಲದಡಿಗೆ ಇಳಿದು ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದರು. ನಾವಿದ್ದದ್ದು ಉರಿಗಾಂನ ಲೈನ್ ಮನೆಗಳಲ್ಲಿ. ಒಂದಕ್ಕೊಂದು ಪಕ್ಕೆ ತಾಗಿಸಿ ನಿಂತ ತಗಡಿನ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಆಚೆ ಮನೆಯವರು ಸೀನುತ್ತಿದ್ದರು. ಅಲ್ಲಿ ದಿನದ ಹೊತ್ತು ತಿಳಿಸಲು ಗಣಿಯ ಸೈರನ್ ಇತ್ತು, ತಿಂಗಳ ಹೊತ್ತು ತಿಳಿಸಲು ಸಂಬಳ ಇತ್ತು. ಯಾರೂ ತಾರೀಕು ಹೇಳುತ್ತಿರಲಿಲ್ಲ. ಮಗು ಹುಟ್ಟಿದ್ದು ಸಂಬಳದ ಹಿಂದಿನ ದಿನ, ಮೇಕೆ ತಪ್ಪಿಸಿಕೊಂಡದ್ದು ಸಂಬಳವಾಗಿ ನಾಲ್ಕನೇ ದಿನ, ಹೀಗೆ.

ಸಂಬಳಕ್ಕೆ ಮುಂಚಿನ ಭಾನುವಾರ ಇಡೀ ಲೈನಿನಲ್ಲಿ ಡಬ್ಬ ತೊಳೆಯುವ ದಿನ. ಹಳೆಯ ಕಾಳಿನ ಮೇಲೆ ಹೊಸ ಕಾಳು ಸುರಿದರೆ ಹುಳ ಬೀಳುತ್ತದೆ ಎಂಬುದು ಹೆಂಗಸರ ನಂಬಿಕೆ. ಆದ್ದರಿಂದ ಅಂದು ಎಲ್ಲ ಡಬ್ಬಗಳನ್ನೂ ಮೊರಕ್ಕೆ ಕೊಡವಿ, ಬೂದಿ ಹುಣಿಸೆಹಣ್ಣು ಹಾಕಿ ಉಜ್ಜಿ, ಬೇತಮಂಗಲದಿಂದ ಬರುವ ನಲ್ಲಿನೀರಿನಲ್ಲಿ ತೊಳೆದು, ಮನೆಯ ಮುಂದಿನ ಚಪ್ಪಡಿಯ ಮೇಲೆ ಬೋರಲು ಹಾಕಬೇಕು. ಮೊರಕ್ಕೆ ಏನು ಬಿತ್ತೋ ಅದೇ ಅವತ್ತಿನ ಊಟ. ಹಿಡಿ ಹುರುಳಿ, ಎರಡು ಹಿಡಿ ಅಲಸಂದೆ, ಡಬ್ಬದ ಮೂಲೆಗೆ ಅಂಟಿಕೊಂಡ ತೊಗರಿಬೇಳೆ, ಎಲ್ಲಿಂದ ಬಂತೋ ಗೊತ್ತಿಲ್ಲದ ನಾಲ್ಕು ಬಟಾಣಿ. ಎಲ್ಲವೂ ಒಂದೇ ಮಡಕೆಗೆ. ಅದರ ಸಾರು ಪ್ರತಿ ತಿಂಗಳೂ ಬೇರೆ ಬೇರೆ ರುಚಿ. ಹೋದ ತಿಂಗಳಿನಂತೆ ಮಾಡು ಎಂದು ನಾವು ಕೇಳುವ ಹಾಗೇ ಇರಲಿಲ್ಲ.

ಆ ಡಬ್ಬಗಳ ವಿಷಯ ಒಂದಿಷ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವು ಗಣಿಯ ಬಿಳಿಯ ದೊರೆಗಳ ಬಂಗಲೆಗಳಲ್ಲಿ ಬಿಸ್ಕತ್ತು ಮುಗಿದು ಎಸೆದವು. ಅಲ್ಲಿ ಅಡಿಗೆ ಮಾಡುತ್ತಿದ್ದ ಅಪ್ಪನ ಗೆಳೆಯರೊಬ್ಬರು ತಂದುಕೊಡುತ್ತಿದ್ದರು. ಒಂದೊಂದರ ಮೇಲೂ ಒಂದೊಂದು ಚಿತ್ರ. ಕುದುರೆ ಸವಾರನ ಡಬ್ಬದಲ್ಲಿ ಹುರುಳಿ, ರಾಣಿಯ ಡಬ್ಬದಲ್ಲಿ ಕಡಲೆಬೇಳೆ, ಹಿಮ ಬಿದ್ದ ಮನೆಯ ಡಬ್ಬದಲ್ಲಿ ಬೆಲ್ಲ. ಇಂಗ್ಲೆಂಡಿನವರು ಇರುವೆ ಕಾಟ ತಪ್ಪಿಸಲು ಬೆಲ್ಲವನ್ನು ಅಂಥ ಬಿಳಿಯ ಮಾಡಿನ ಮನೆಗಳಲ್ಲಿ ಇಡುತ್ತಾರೆಂದು ನಾನು ಬಹಳ ವರ್ಷ ನಂಬಿದ್ದೆ. ಸ್ಕೂಲಿನಲ್ಲಿ ಹಾಗೆಂದು ಹೇಳಿ ಬೆಂಚಿನ ಮೇಲೆ ನಿಂತದ್ದೂ ಉಂಟು.

ನೆಲದಡಿಯಲ್ಲಿ ಬಂಡೆ ಸಿಡಿದಾಗ ಊರೆಲ್ಲ ಒಮ್ಮೆ ನಡುಗುತ್ತಿತ್ತು. ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಆಗ ಹಲಗೆಯ ಮೇಲಿನ ಡಬ್ಬಗಳೆಲ್ಲ ತಾವಾಗಿ ಸದ್ದು ಮಾಡುತ್ತಿದ್ದವು. ತಿಂಗಳ ಮೊದಲಾದರೆ ದಡ್ ಎಂಬ ಸದ್ದು, ಕೊನೆಯಾದರೆ ಠಣ್ ಎಂಬ ಸದ್ದು. ಯಾವ ಸದ್ದಾದರೂ ಅಮ್ಮ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಅಪ್ಪ ಬರುವವರೆಗೂ ಒಳಗೆ ಬರುತ್ತಿರಲಿಲ್ಲ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ರತ್ನಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಆಗಲೇ ಎರಡು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಹಾಕುತ್ತೇವೆಂದವರು ಹಾಕಿರಲಿಲ್ಲ. ಮೂರನೆಯದೂ ಹೀಗೇ ಆದರೆ ಹುಡುಗಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಅಮ್ಮನಿಗೆ ದಿಗಿಲು. ಅಷ್ಟರಲ್ಲಿ ಬಂಗಾರಪೇಟೆಯ ಸಂಬಂಧ ಬಂತು. ಹುಡುಗ ವೆಂಕಟೇಶ. ತಂದೆ ಮಗ ಇಬ್ಬರೂ ರೈಲ್ವೆಯವರು. ಅಪ್ಪ ಬಂಗಾರಪೇಟೆ ಸಂತೆಯಲ್ಲಿ ಹುಡುಗನ ತಂದೆಯನ್ನು ಕಂಡು, ಸಂಬಳವಾದ ಮೇಲಿನ ಭಾನುವಾರ ಹೆಣ್ಣು ನೋಡಲು ಬನ್ನಿ ಎಂದು ಹೇಳಿ, ಎಲೆಅಡಿಕೆ ಕೊಟ್ಟು ಬಂದರು. ಅವರೂ ಆಗಲಿ ಎಂದರು. ಪ್ರಪಂಚದಲ್ಲಿ ಗಣಿಯ ಸಂಬಳವಲ್ಲದೆ ಇನ್ನೊಂದು ಸಂಬಳವೂ ಇದೆ, ಅದು ಬೇರೆ ದಿನ ಆಗುತ್ತದೆ ಎಂಬುದು ಅಪ್ಪನಿಗೂ ಹೊಳೆಯಲಿಲ್ಲ, ರೈಲ್ವೆಯವರಿಗೂ ಹೊಳೆಯಲಿಲ್ಲ. ರೈಲ್ವೆ ಸಂಬಳ ನಮ್ಮದಕ್ಕಿಂತ ಮೊದಲು ಆಗುತ್ತಿತ್ತು.

ಹೀಗಾಗಿ, ಒಂದೆರಡು ಬಿಟ್ಟು ನಮ್ಮ ಡಬ್ಬಗಳೆಲ್ಲ ಚಪ್ಪಡಿಯ ಮೇಲೆ ಬೋರಲು ಬಿದ್ದು ಬಿಸಿಲು ಕಾಯುತ್ತಿದ್ದ ಭಾನುವಾರ ಬೆಳಿಗ್ಗೆ, ಒಗೆದ ಪಂಚೆ, ರೇಷ್ಮೆ ಅಂಚಿನ ಸೀರೆ ಉಟ್ಟ ಐದು ಜನ ಸ್ಟೇಷನ್ನಿನ ಕಡೆಯಿಂದ ನಮ್ಮ ಲೈನಿಗೆ ಬಂದರು. ಅಪ್ಪ ಬನಿಯನ್ನಿನಲ್ಲಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದರು, ಅರ್ಧ ಮುಖಕ್ಕೆ ಸೋಪು. ಅಕ್ಕನ ಮೊಣಕೈವರೆಗೆ ಬೂದಿ. ನಾನು ಮೊರದಲ್ಲಿನ ಬಟಾಣಿ ಆರಿಸಿ ತಿನ್ನುತ್ತಿದ್ದೆ.

ಅಮ್ಮ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯ ಕುಪ್ಪಮ್ಮನ ಬಳಿಗೆ ಓಡಿದಳು. ಸೇರು ಅಕ್ಕಿ, ಚೂರು ತುಪ್ಪ ಸಿಕ್ಕರೂ ಸಾಕಿತ್ತು. ಕುಪ್ಪಮ್ಮ ತಮಿಳಿನವಳು, ಅಮ್ಮನ ಜೀವದ ಗೆಳತಿ. "ಎಂಗ ವೀಟ್ಲೆಯುಂ ಡಬ್ಬಾ ಕಾಲಿ ಅಕ್ಕಾ" ಎಂದು ಕೈಯಾಡಿಸಿದಳು. ಲೈನಿನ ಅನುಕೂಲ, ಅನನುಕೂಲ ಎರಡೂ ಅದೇ. ಎಲ್ಲರಿಗೂ ಒಂದೇ ದಿನ ಸಂಬಳ, ಎಲ್ಲರಿಗೂ ಒಂದೇ ದಿನ ಖಾಲಿ. ಆದರೂ ಅವಳು ಬರಿಗೈಯಲ್ಲಿ ಕಳಿಸಲಿಲ್ಲ, ತನ್ನ ಮನೆಯ ಮುಂದಿನ ನುಗ್ಗೆಮರದಿಂದ ಸೊಪ್ಪಿನ ದೊಡ್ಡ ಕೊಂಬೆಯೊಂದನ್ನೇ ಮುರಿದು ಕೊಟ್ಟಳು.

ಅಮ್ಮ ವಾಪಸು ಬರುವಷ್ಟರಲ್ಲಿ ಅಪ್ಪ ಮುಖದ ಸೋಪು ಒರೆಸಿಕೊಂಡು, ನಡುಮನೆಯಲ್ಲಿ ಬೀಗರಾಗುವವರನ್ನು ಚಾಪೆಯ ಮೇಲೆ ಕೂರಿಸಿ ಒಂದು ಹೊಸ ವ್ರತವನ್ನೇ ಹುಟ್ಟಿಸಿಬಿಟ್ಟಿದ್ದರು.

"ತಾವು ಬಾಳ ಒಳ್ಳೇ ದಿನಾನೇ ಬಂದ್ರಿ. ಇವತ್ತು ನಮ್ಮನೇಲಿ ಕೂಡ್ಗಾಳಿನ ವ್ರತ. ಮನೆದೇವ್ರುದು. ನಮ್ಮ ತಾತನ ಕಾಲ್ದಿಂದ್ಲೂ ನಡ್ಕೊಂಡು ಬಂದೈತೆ. ಮನೇಲಿರೋ ಕಾಳೆಲ್ಲಾ ಒಂದೊಂದ್ ಇಡಿ ಕೂಡ್ಸಿ ಸಾರು ಮಾಡ್ಬೇಕು, ಡಬ್ಬ ತೊಳ್ದು ಬೋರ್ಲು ಆಕ್ಬೇಕು."

ನಮ್ಮ ಜೊತೆಗೇ ಇದ್ದ ಅಪ್ಪನ ತಂದೆ, ನಮ್ಮ ತಾತ, ಗೋಡೆಗೆ ಒರಗಿಕೊಂಡಿದ್ದವರು ಅಪ್ಪನ ಮುಖವನ್ನೇ ನೋಡಿದರು. ಅವರಿಗೆ ಕಿವಿ ಮಂದ, ಅದೊಂದು ಪುಣ್ಯ.

ಹುಡುಗನ ತಂದೆ ದೈವಭಕ್ತರು. ವಿವರವಾಗಿ ವಿಚಾರಿಸತೊಡಗಿದರು. ಅನ್ನ ಮಾಡಬಹುದೇ? ಮಾಡುವಂತಿಲ್ಲ. ತುಪ್ಪ? ಮುಟ್ಟುವಂತಿಲ್ಲ. ತೆಂಗಿನಕಾಯಿ? ಊಹೂಂ. ಕಾಫಿ? ಅಪ್ಪ ಕೆನ್ನೆಗೆ ಹೊಡೆದುಕೊಂಡರು. ನಮ್ಮ ಮನೆಯಲ್ಲಿ ಅಂದು ಏನೇನು ಇರಲಿಲ್ಲವೋ ಅದೆಲ್ಲ ದೇವರಿಗೆ ಆಗುತ್ತಿರಲಿಲ್ಲ. ರಾಗಿಹಿಟ್ಟು ಸಾಲದೆಂದು ಅಮ್ಮ ಒಳಗೆ ಮುದ್ದೆಗೆ ಅಕ್ಕಿನುಚ್ಚು ಹಾಕುವುದು ಬಾಗಿಲ ಸಂದಿನಿಂದ ಅವರಿಗೆ ಕಂಡಿತು. ನುಚ್ಚೂ ಅಕ್ಕಿಯಲ್ಲವೇ ಎಂದರು. ಇಡೀ ಅಕ್ಕಿ ಆಗುವುದಿಲ್ಲ, ಮುರಿದದ್ದು ಆಗುತ್ತದೆ ಎಂದು ಅಪ್ಪ ರೆಪ್ಪೆ ಹೊಡೆಯದೆ ಹೇಳಿದರು.

ಒಳಗೆ ಅಮ್ಮ ಮತ್ತು ಅಕ್ಕ ಬೆವರು ಒರೆಸಿಕೊಳ್ಳಲೂ ಪುರಸೊತ್ತಿಲ್ಲದೆ ಕೆಲಸ ಮಾಡಿದರು. ಕಾಳು ನೆನೆಹಾಕಲು ಹೊತ್ತಿಲ್ಲ. ಹುರುಳಿ, ಅಲಸಂದೆಯನ್ನು ಘಮ್ಮೆನ್ನುವವರೆಗೆ ಹುರಿದು ಕುದಿಯುವ ನೀರಿಗೆ ಹಾಕಿದರು. ಹುರಿದರೆ ನೆನೆಸದಿದ್ದರೂ ಬೇಯುತ್ತವೆ. ಅರೆ ಬೆಂದ ಮೇಲೆ ಬೇಳೆಗಳು, ಆಮೇಲೆ ನುಗ್ಗೆಸೊಪ್ಪು. ಬೆಂದದ್ದನ್ನು ಬಸಿದು, ಕಟ್ಟು ಬೇರೆ, ಕಾಳುಸೊಪ್ಪು ಬೇರೆ. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಧನಿಯದ ಜೊತೆ ಬೆಂದ ಕಾಳನ್ನೇ ಒಂದು ಹಿಡಿ ರುಬ್ಬಿ ಕಟ್ಟಿಗೆ ಬಿಟ್ಟು ಕುದಿಸಿದರೆ ಬಸ್ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು, ಕಾಯಿತುರಿಯ ಬದಲು ಹುಚ್ಚೆಳ್ಳು ಪುಡಿ ಉದುರಿಸಿದರೆ ಪಲ್ಯ. ಒಂದೇ ಮಡಕೆಯಲ್ಲಿ ಎರಡು ಅಡಿಗೆ. ಸಿಹಿ ಏನೂ ಇರಲಿಲ್ಲ. ಹೆಣ್ಣು ನೋಡಲು ಬಂದವರಿಗೆ ಸಿಹಿ ಇಲ್ಲದೆ ಹೇಗೆ ಎಂದು ಅಮ್ಮ ಅಳುವಂತಾದಳು. ಆಗ ಅಕ್ಕ ಇನ್ನೂ ತೊಳೆಯದೆ ಉಳಿದಿದ್ದ ಬೆಲ್ಲದ ಡಬ್ಬವನ್ನು ತೆಗೆದುಕೊಂಡು, ಅದಕ್ಕೆ ಬಿಸಿನೀರು ಹೊಯ್ದು, ತಳಕ್ಕೆ ಅಂಟಿದ್ದೆಲ್ಲ ಕರಗುವಂತೆ ಗಿರಗಿರ ತಿರುಗಿಸಿ, ಒಣಶುಂಠಿ ಕುಟ್ಟಿ ಹಾಕಿದಳು. ಡಬ್ಬ ತೊಳೆದಂತೆಯೂ ಆಯಿತು, ಪಾನಕವೂ ಆಯಿತು.

ಪಾನಕದ ಲೋಟಗಳನ್ನು ಅಕ್ಕನೇ ತಂದುಕೊಟ್ಟಳು. ಹುಡುಗನ ತಾಯಿ ನಾರಾಯಣಮ್ಮ ಆವರೆಗೂ ಒಂದು ಮಾತೂ ಆಡಿರಲಿಲ್ಲ. ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ, ಎಲ್ಲವನ್ನೂ ನಿಧಾನವಾಗಿ ನೋಡುವ ಕಣ್ಣು. ಗುಟುಕು ಕುಡಿದು, ನಾಲಿಗೆಗೆ ಸಿಕ್ಕಿದ, ಡಬ್ಬದ ತಳದ ನಾರಿನೆಳೆಯೊಂದನ್ನು ಎರಡು ಬೆರಳಲ್ಲಿ ತೆಗೆದು, ಸುಮ್ಮನೆ ಚಾಪೆಯಡಿಗೆ ಸರಿಸಿದರು. ಆಮೇಲೆ ಪಕ್ಕದಲ್ಲಿ ಕೂತಿದ್ದ ನನ್ನ ತಲೆ ಸವರಿ, ಈ ವ್ರತ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಮಗಾ ಎಂದು ಕೇಳಿದರು.

ಒಂಬತ್ತು ವರ್ಷದ ನನಗೆ ಗೊತ್ತಿರುವ ಪ್ರಶ್ನೆಯೊಂದನ್ನು ದೊಡ್ಡವರು ಕೇಳುವುದು ಅಪರೂಪ. "ತಿಂಗ್ಳು ತಿಂಗ್ಳೂ ಬತ್ತೈತೆ, ಸಂಬ್ಳುಕ್ ಮುಂಚಿನ್ ಭಾನುವಾರ" ಎಂದು ಗಟ್ಟಿಯಾಗಿ ಹೇಳಿದೆ.

ಅಪ್ಪ ಮೇಲಿನ ತಗಡು ನೋಡಿದರು. ಅಕ್ಕ ಕತ್ತು ತಗ್ಗಿಸಿದಳು. ಒಳಗಿನಿಂದ ಅಮ್ಮನ ಸೌಟು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನನಗೆ ಏನೋ ತಪ್ಪಾಯಿತೆಂದು ಮಾತ್ರ ತಿಳಿಯಿತು. ಇನ್ನು ಅಕ್ಕನ ಮದುವೆ ಆಗುವುದಿಲ್ಲ, ಅದು ನನ್ನಿಂದಲೇ ಎಂದುಕೊಂಡೆ. ನಾರಾಯಣಮ್ಮ ಓಹೋ ಎಂದರು, ಅಷ್ಟೇ. ಪಾನಕ ಮುಗಿಸಿ ಲೋಟ ಕೆಳಗಿಟ್ಟರು.

ಊಟಕ್ಕೆ ಕೂತರು. ಮುತ್ತುಗದ ಎಲೆಯ ಮೇಲೆ ಬಿಸಿ ಮುದ್ದೆ, ಬಸ್ಸಾರು, ಪಲ್ಯ. ವೆಂಕಟೇಶ ತಲೆಯೆತ್ತದೆ ಉಂಡ. ಅವನ ತಂದೆ ದೇವರ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಂಡರು. ನಾರಾಯಣಮ್ಮ ಎರಡನೇ ಸಲ ಸಾರು ಹಾಕಿಸಿಕೊಂಡು, ಕೈ ತೊಳೆದು ಬಂದು, ಕಾಗದ ಗೀಗದ ಎನ್ನದೆ ಅಲ್ಲೇ ನಿಂತು ಹೇಳಿದರು: ಹುಡುಗಿ ನಮಗೆ ಒಪ್ಪಿಗೆ. ಕೊಡೋದು ಬಿಡೋದು ಏನೂ ಬೇಡ. ಒಂದೇ ಮಾತು, ಈ ವ್ರತವನ್ನು ನಿಮ್ಮ ಹುಡುಗಿ ನಮ್ಮ ಮನೆಗೂ ತರಬೇಕು.

ಅಪ್ಪ ಮರುದಿನ ಗಣಿಗೆ ಹೋದದ್ದು ಎದೆಯುಬ್ಬಿಸಿಕೊಂಡು. ಅಮ್ಮನಿಗೆ ಮಾತ್ರ ಅಂದಿನಿಂದ ನಿದ್ದೆ ಹೋಯಿತು. ಸುಳ್ಳು ಹೇಳಿದ್ದು ಬೀಗರಿಗಾದರೆ ಹೇಗೋ ಆಗುತ್ತಿತ್ತು, ದೇವರ ಹೆಸರಿನಲ್ಲಿ ಹೇಳಿದ್ದು, ಅದೂ ಹೆಣ್ಣುಮಗಳ ತಲೆಗೆ ಕಟ್ಟಿ ಕಳಿಸಿದ್ದು ಎಂದು ಕುಪ್ಪಮ್ಮನ ಮುಂದೆ ಕೂತು ಕೊರಗುತ್ತಿದ್ದಳು. ಕುಪ್ಪಮ್ಮ ತನ್ನ ಭಾಷೆಯಲ್ಲಿ ಸಮಾಧಾನ ಹೇಳುತ್ತಿದ್ದಳು. ಅಮ್ಮ ತನ್ನ ಭಾಷೆಯಲ್ಲಿ ಅದನ್ನು ಒಪ್ಪದೆ ಏಳುತ್ತಿದ್ದಳು.

ಮದುವೆಯಾಯಿತು. ಅಕ್ಕ ಬಂಗಾರಪೇಟೆಯ ರೈಲ್ವೆ ಮನೆಗಳ ಸಾಲಿಗೆ ಹೋದಳು, ವ್ರತವೂ ಜೊತೆಗೆ ಹೋಯಿತು. ಅಲ್ಲಿ ನಾರಾಯಣಮ್ಮ ದಿನವನ್ನು ಸ್ವಲ್ಪ ಹಿಂದಕ್ಕೆ ತಂದು ರೈಲ್ವೆ ಸಂಬಳಕ್ಕೆ ಮುಂಚಿನ ಭಾನುವಾರಕ್ಕೆ ಗೊತ್ತುಮಾಡಿದರಂತೆ. ದೇವರು ಗಣಿ ಬಿಟ್ಟು ರೈಲ್ವೆಗೆ ವರ್ಗವಾದ ಎಂದು ಅಪ್ಪ ನಕ್ಕರು. ಆಮೇಲೆ ಅಕ್ಕಿ ದುರ್ಲಭವಾದ ವರ್ಷಗಳು ಬಂದವು. ಅಂಗಡಿ ಮುಂದೆ ಚೀಲ ಹಿಡಿದು ನಿಂತರೂ ಸಿಗುತ್ತಿರಲಿಲ್ಲ. ಆಗ ಅಕ್ಕನ ಪಕ್ಕದ ಮನೆಯವರು ವ್ರತ ಹಿಡಿದರು, ಅವರ ಪಕ್ಕದವರು ಹಿಡಿದರು. ಡಬ್ಬಗಳಿಗೆ ಅರಿಸಿನ ಕುಂಕುಮ ಬಂತು. ಒಬ್ಬ ಮುತ್ತೈದೆಯನ್ನು ಊಟಕ್ಕೆ ಕರೆಯಬೇಕೆಂಬ ನಿಯಮ ಬಂತು. ಮುರಿದ ಅಕ್ಕಿ ಮಾತ್ರ ಆಗುತ್ತದೆ ಎಂಬ ಅಪ್ಪನ ಶಾಸ್ತ್ರ ಊರೂರಿಗೆ ಹೋಗಿ, ಒಂದು ದಿನ ತಿರುಗಿ ನಮ್ಮ ಲೈನಿಗೇ ಬಂತು. ಲೈನಿನ ಹೆಂಗಸೊಬ್ಬಳು ಅಮ್ಮನಿಗೇ ಅದನ್ನು ಕಲಿಸಲು ಬಂದಳು.

ಇಷ್ಟರಲ್ಲಿ ನಾಲ್ಕು ವರ್ಷವಾಗಿತ್ತು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಅತ್ತೆ ಮನೆಯಲ್ಲಿ ಯಾರೂ ಒಂದು ಮಾತು ಅಂದಿರಲಿಲ್ಲ, ಅನ್ನುವ ಜನರೂ ಅಲ್ಲ. ಆದರೆ ಅಮ್ಮ ಇದು ಆ ಸುಳ್ಳಿನದೇ ಫಲ ಎಂದು ತೀರ್ಮಾನಿಸಿಬಿಟ್ಟಳು. ಹೇಳಿಬಿಟ್ಟರೆ ಅವರು ಅಕ್ಕನನ್ನು ತವರಿಗೆ ಕಳಿಸಿಬಿಡಬಹುದು, ಹೇಳದಿದ್ದರೆ ಅವಳ ಮಡಿಲು ತುಂಬುವುದಿಲ್ಲ. ತಿಂಗಳುಗಟ್ಟಲೆ ಇದನ್ನೇ ಅರೆದು, ಕೊನೆಗೊಂದು ಭಾನುವಾರ ಅಪ್ಪನಿಗೆ ಮಗಳನ್ನು ನೋಡಿಬರುತ್ತೇನೆಂದಷ್ಟೇ ಹೇಳಿ, ನನ್ನನ್ನು ಜೊತೆಗೆ ಕರೆದುಕೊಂಡು ಉರಿಗಾಂನಲ್ಲಿ ರೈಲು ಹತ್ತಿದಳು. ಕಿಟಕಿಯಾಚೆ, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಗುಡ್ಡಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

ಅಂದು ಅಲ್ಲಿ ವ್ರತದ ದಿನ. ಹೋಗಿ ನೋಡಿದರೆ ಸಾಲಿನ ಉದ್ದಕ್ಕೂ ಮನೆ ಮನೆಯ ಮುಂದೆ ಡಬ್ಬಗಳು ಬೋರಲಾಗಿ ಕೂತಿವೆ, ಒಂದೊಂದರ ಬೆನ್ನ ಮೇಲೂ ಕುಂಕುಮದ ಬೊಟ್ಟು. ಹೆಂಗಸರು ಹೊಸಿಲ ಮೇಲೆ ಕೂತು ಕಾಳು ಆರಿಸುತ್ತಾ, ನಿಮ್ಮದರಲ್ಲಿ ಏನು ಬಿತ್ತು, ನಮ್ಮದರಲ್ಲಿ ಇದು ಬಿತ್ತು ಎಂದು ಈ ಮನೆಯಿಂದ ಆ ಮನೆಗೆ ಕೂಗಿ ಹೇಳುತ್ತಿದ್ದಾರೆ. ಅಮ್ಮನ ಮುಖ ಇನ್ನಷ್ಟು ಇಳಿಯಿತು.

ಅಕ್ಕ ನೀರಿಗೆ ಹೋಗಿದ್ದಳು. ನಾರಾಯಣಮ್ಮ ಒಲೆಯ ಮುಂದಿದ್ದರು. ಅಮ್ಮ ಕೂರಲೂ ಇಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ವ್ರತವೂ ಇಲ್ಲ, ತಾತನ ಕಾಲವೂ ಇಲ್ಲ, ಅವತ್ತು ಮನೆಯಲ್ಲಿ ಏನೂ ಇರಲಿಲ್ಲ, ಅಷ್ಟೇ. ತಪ್ಪು ನಮ್ಮದು, ಹುಡುಗಿಯದಲ್ಲ, ಅವಳನ್ನು ಏನೂ ಅನ್ನಬೇಡಿ ಎಂದು ಕೈಮುಗಿದಳು. ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ.

ನಾರಾಯಣಮ್ಮ ಸೌಟಿನಿಂದ ಸಾರು ಒಮ್ಮೆ ತಿರುವಿ, ಮುಚ್ಚಳ ಮುಚ್ಚಿದರು.

"ಲಕ್ಷ್ಮಕ್ಕ, ಅದು ನಂಗೆ ಅವತ್ತೇ ಗೊತ್ತಾಯ್ತು. ನಿಮ್ಮ ಲೈನಿನಾಗೆ ಎಲ್ಲಾರ ಮನೆ ಮುಂದೂ ಡಬ್ಬ ಬೋರ್ಲು ಆಕಿದ್ರು, ತಮಿಳ್ರು ಮನೆ ಮುಂದೂ ಆಕಿದ್ರು. ಅಷ್ಟೂ ಮನೆಗೆ ಒಬ್ನೇ ಮನೆದೇವ್ರು ಇರ್ತಾನಾ? ನಿಮ್ ಚಿಕ್ ಮಗ್ಳು ಬೇರೆ ಸಂಬ್ಳ ಅಂದ್ಲು."

ನಾರಾಯಣಮ್ಮ ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದರು.

"ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಷ. ತಿಂಗ್ಳ ಕೊನೇಗೆ ಡಬ್ಬ ಖಾಲಿ ಆದ್ರೆ ಬಾಗ್ಲು ಆಕ್ಕೊಂಡು ಅಡಿಗೆ ಮಾಡ್ತಿದ್ದೆ. ಅಕ್ಕಪಕ್ಕದೋರು ನೋಡ್ಬಾರ್ದು ಅಂತ. ಅವ್ರೂ ಬಾಗ್ಲು ಆಕ್ಕೊಂತಿದ್ರು. ನಿಮ್ಮೂರಾಗೆ ನೋಡಿದ್ರೆ ಖಾಲಿ ಡಬ್ಬಾನ ಬೀದಿಗೆ ಇಟ್ಟು, ಬಾಗ್ಲು ತಕ್ಕೊಂಡು, ಬಂದೋರ್ಗೆ ಎಲೆ ಆಕ್ತಾ ಇದ್ರಿ. ಈ ಮನೆ ಹೆಣ್ಣೇ ಬೇಕು ಅನ್ಸ್ತು. ಈಗ ಓಗಿ ನೋಡಿ, ಈ ಸಾಲಿನಾಗೆ ಯಾರೂ ಬಾಗ್ಲು ಆಕಲ್ಲ. ಇದ್ರಾಗೆ ಪಾಪ ಏನಾರ ಇದ್ರೆ ನಂಗೇ ಬರ್ಲಿ, ಊರಿಗೆಲ್ಲ ಅಂಟ್ಸಿದೋಳು ನಾನು. ಮಕ್ಳು ಆಗೋ ಒತ್ತಿಗೆ ಆಗ್ತವೆ. ಕೂತ್ಕಳಿ ಮೊದ್ಲು."

ಅಮ್ಮ ಕೂತಳು. ಕೂತು ಜೋರಾಗಿ ಅತ್ತಳು, ನಾರಾಯಣಮ್ಮ ತಡೆಯಲಿಲ್ಲ. ನನಗೂ ಅಳು ಬಂತು. ನಾಲ್ಕು ವರ್ಷ ನನ್ನ ಬಾಯಿ ಸರಿಯಿಲ್ಲವೆಂದು ನನ್ನನ್ನೇ ಬೈದುಕೊಂಡಿದ್ದೆನಲ್ಲ. ನೀರಿನ ಬಿಂದಿಗೆ ಹೊತ್ತು ಬಂದ ಅಕ್ಕ ಗಾಬರಿಯಾಗಿ, ಯಾರಿಗೆ ಏನಾಯಿತೆಂದು ಕೇಳಿದಳು. ಈರುಳ್ಳಿ ಖಾರ ಕಣಮ್ಮ ಎಂದರು ಅವಳ ಅತ್ತೆ. ಅಕ್ಕನಿಗೆ ಎರಡು ವರ್ಷದ ಮೇಲೆ ಹೆಣ್ಣುಮಗುವಾಯಿತು, ಆಮೇಲೆ ಇನ್ನೂ ಇಬ್ಬರು. ಅದಕ್ಕೂ ವ್ರತಕ್ಕೂ ಸಂಬಂಧವಿಲ್ಲವೆಂದು ನಾನು ಎಷ್ಟು ಹೇಳಿದರೂ ಆ ಸಾಲಿನವರು ಒಪ್ಪಲಿಲ್ಲ.

ಅಂದು ಸಂಜೆ ವಾಪಸು ಬರುವಾಗ ಅಮ್ಮ ಕಿಟಕಿಯ ಪಕ್ಕ ಹಗುರಾಗಿ ಕೂತಿದ್ದಳು. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ, ಇವತ್ತು ಅಲ್ಲಿ ಆದ ಮಾತು ಅಪ್ಪನಿಗೆ ಹೇಳಬಾರದು ಎಂದಳು. ನನಗೆ ಆಶ್ಚರ್ಯ. ಮನೆಗೆ ಹೋದಕೂಡಲೇ ಹೇಳಿ ಅಪ್ಪನ ಜಂಬ ಇಳಿಸಬೇಕೆಂದು ನಾನು ತುದಿಗಾಲಲ್ಲಿ ಇದ್ದೆ. ಯಾರು ಬಂದರೂ ಅವರು ಆ ವ್ರತದ ಕಥೆ ಹೇಳಿ, ಬೀಗರ ಬಾಯಿ ಹೇಗೆ ಮುಚ್ಚಿಸಿದೆ ನೋಡಿ ಎಂದು ಮೀಸೆ ತಿರುವುತ್ತಿದ್ದರು. ಯಾಕೆ ಹೇಳಬಾರದು ಎಂದು ಕೇಳಿದೆ.

"ದಿನಾ ಬೆಳಿಗ್ಗೆ ಭೂಮಿ ಒಳಗೆ ಇಳಿಯೋ ಮನುಷ್ಯ ಕಣೇ ಅವ್ರು. ಗೆದ್ದೋನು ಅಂದ್ಕೊಂಡೇ ಇಳೀಲಿ."